ಜೀನ್ ನೋಡಿ ಊಟದ ಪಟ್ಟಿ: ಹದಿನೈದು ಸಾವಿರ ಕೊಡುವ ಮೊದಲು

ಪ್ರಶ್ನೆ: ನನಗೆ 38 ವರ್ಷ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟವಿದೆ. ತಂದೆಗೂ ಚಿಕ್ಕಪ್ಪನಿಗೂ ಸಕ್ಕರೆ ಕಾಯಿಲೆ. ನನ್ನ ತೂಕ 68 ಕೆ.ಜಿ., ಎತ್ತರ 165 ಸೆಂ.ಮೀ., ಸೊಂಟದ ಸುತ್ತಳತೆ 94 ಸೆಂ.ಮೀ. ಹೋದ ತಿಂಗಳು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 6.0 ಬಂತು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಸಂಜೆ ಕಾಫಿ ಕುಡಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಎಂಜಲಿನ ಮಾದರಿ ಕಳುಹಿಸಿದರೆ ಜೀನ್ ಪರೀಕ್ಷೆ ಮಾಡಿ ನನಗೇ ಹೊಂದುವ ಊಟದ ಪಟ್ಟಿ ಕೊಡುತ್ತೇವೆ ಎಂದು ಒಂದು ಕಂಪನಿ ಹದಿನೈದು ಸಾವಿರ ಕೇಳುತ್ತಿದೆ. ಮಾಡಿಸಬೇಕೇ? ನಮ್ಮಜ್ಜ ಮೂರು ಹೊತ್ತೂ ಅನ್ನ ಉಂಡು ಎಂಬತ್ತು ದಾಟಿದವರು. ನಮ್ಮ ಮನೆತನದ ಜೀನಿಗೆ ಅನ್ನ ಒಗ್ಗುತ್ತದೆ ಎಂದುಕೊಳ್ಳಬಹುದೇ?

ಉತ್ತರ: ಸದ್ಯಕ್ಕೆ ಆ ಪರೀಕ್ಷೆ ಬೇಡ. ಅದು ನಿಮಗೆ ಹೇಳಬಹುದಾದ ದೊಡ್ಡ ಸಂಗತಿ ನಿಮಗಾಗಲೇ ಗೊತ್ತಿದೆ: ತಂದೆಗೂ ಅವರ ತಮ್ಮನಿಗೂ ಸಕ್ಕರೆ ಕಾಯಿಲೆ ಇದೆ, ನಿಮ್ಮ ಎಚ್‌ಬಿಎ1ಸಿ ಮಧುಮೇಹದ ಹೊಸ್ತಿಲಲ್ಲಿದೆ. 5.7ರಿಂದ 6.4ರವರೆಗೆ ಮಧುಮೇಹಪೂರ್ವ ಸ್ಥಿತಿ, 6.5 ಮುಟ್ಟಿದರೆ ಮಧುಮೇಹ. ಹದಿನೈದು ಸಾವಿರದಲ್ಲಿ ಹತ್ತನೇ ಒಂದು ಭಾಗ ತೆಗೆದು ಒಂದು ಗ್ಲುಕೋಮೀಟರ್, 25 ಸ್ಟ್ರಿಪ್‌ಗಳ ಒಂದು ಡಬ್ಬಿ, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಕೊಳ್ಳಿ. ನಿಮ್ಮ ದೇಹಕ್ಕೆ ಯಾವ ಊಟ ಹೊಂದುತ್ತದೆ ಎಂಬ ಪ್ರಶ್ನೆಗೆ ಇವು ಮೂರು ಕೊಡುವ ಉತ್ತರ ಎಂಜಲಿನ ವರದಿಗಿಂತ ನೇರವಾಗಿರುತ್ತದೆ. ಹೇಗೆ ಎಂದು ಮುಂದೆ ಬರೆದಿದ್ದೇನೆ. ಅದಕ್ಕೂ ಮೊದಲು, ಜೀನಿಗೂ ಊಟಕ್ಕೂ ಇರುವ ನಂಟು ಎಷ್ಟು ಗಟ್ಟಿ ಎಂಬುದು ತಿಳಿದಿರಲಿ. ಜಾಹೀರಾತು ಅಲ್ಲಿ ಹೇಳುವುದು ಅರ್ಧ ಸತ್ಯ.

ಟೈಪ್ 2 ಮಧುಮೇಹಕ್ಕೆ ಸಂಬಂಧಿಸಿದ ನೂರಾರು ಜೀನ್ ವ್ಯತ್ಯಾಸಗಳು ಈಗ ಗೊತ್ತಿವೆ. ಸಾಮಾನ್ಯವಾಗಿ ಕಾಣುವವುಗಳಲ್ಲಿ ಹೆಚ್ಚು ಪ್ರಭಾವದ್ದು ಟಿಸಿಎಫ್7ಎಲ್2 ಎಂಬ ಜೀನಿನದು. ಅದರ ಅಪಾಯದ ರೂಪ ಒಂದು ಪ್ರತಿ ಇದ್ದರೆ ಕಾಯಿಲೆಯ ಸಾಧ್ಯತೆ ಸುಮಾರು 1.4 ಪಟ್ಟು, ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ದರೆ ಹತ್ತಿರಹತ್ತಿರ ಎರಡು ಪಟ್ಟು. ಮೇದೋಜೀರಕ ಗ್ರಂಥಿ ಊಟಕ್ಕೆ ತಕ್ಕಷ್ಟು ಇನ್ಸುಲಿನ್ ಬಿಡುವುದನ್ನು ಅದು ತಗ್ಗಿಸುತ್ತದೆ. ಇಷ್ಟು ಕೇಳಿದರೆ ಹೆದರಿಕೆಯಾಗುತ್ತದೆ. ಅಮೆರಿಕದಲ್ಲಿ ಮಧುಮೇಹಪೂರ್ವ ಸ್ಥಿತಿಯ 3,234 ಜನರ ಮೇಲೆ ನಡೆದ ಮಧುಮೇಹ ತಡೆ ಪ್ರಯೋಗದಲ್ಲಿ, ತೂಕ ಶೇ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಹಾಕಿಕೊಂಡವರಲ್ಲಿ ಮಧುಮೇಹ ಶೇ 58ರಷ್ಟು ಕಡಿಮೆಯಾಯಿತು. ಅದೇ ಜನರ ಜೀನ್ ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಮುಖ್ಯ. ಟಿಸಿಎಫ್7ಎಲ್2ರ ಎರಡೂ ಕೆಟ್ಟ ಪ್ರತಿ ಇದ್ದವರ ಹೆಚ್ಚುವರಿ ಅಪಾಯ, ಜೀವನಕ್ರಮ ಬದಲಿಸಿಕೊಂಡ ಗುಂಪಿನಲ್ಲಿ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಅಂದರೆ ಜೀನ್ ಕೆಟ್ಟದಿದ್ದರೂ ಒಳ್ಳೆಯದಿದ್ದರೂ ಮಾಡಬೇಕಾದ ಕೆಲಸ ಅದೇ. ಕೆಟ್ಟದಿದ್ದವರಿಗೆ ಅದರ ಲಾಭ ಕಡಿಮೆಯಲ್ಲ.

ಬೊಜ್ಜಿನ ವಿಷಯದಲ್ಲಿ ಎಲ್ಲ ವರದಿಗಳ ಮೊದಲ ಪುಟದಲ್ಲಿ ಬರುವ ಎಫ್‌ಟಿಒ ಜೀನಿನ ಕತೆಯೂ ಇಷ್ಟೆ. 2007ರಲ್ಲಿ ಪತ್ತೆಯಾದ ಇದರ ಅಪಾಯದ ರೂಪ ಎರಡು ಪ್ರತಿ ಇದ್ದವರು, ಒಂದೂ ಇಲ್ಲದವರಿಗಿಂತ ಸರಾಸರಿ 3 ಕೆ.ಜಿ. ಹೆಚ್ಚು ತೂಗುತ್ತಾರೆ. ಮೈಬಗ್ಗಿಸಿ ದುಡಿಯುವವರಲ್ಲಿ ಆ ಪ್ರಭಾವ ಇನ್ನೂ ತಗ್ಗುತ್ತದೆ.

ಹಾಗಾದರೆ ಜೀನ್ ನೋಡಿ ಊಟ ಹೇಳಿದರೆ ತೂಕ ಬೇಗ ಇಳಿಯುತ್ತದೆಯೇ? ಇದನ್ನೇ ಪರೀಕ್ಷೆಗೆ ಒಡ್ಡಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಯಟ್‌ಫಿಟ್ಸ್ ಪ್ರಯೋಗ. 609 ಜನರಲ್ಲಿ ಅರ್ಧದಷ್ಟು ಜನಕ್ಕೆ ಕೊಬ್ಬು ಕಡಿಮೆ, ಉಳಿದವರಿಗೆ ಪಿಷ್ಟ ಕಡಿಮೆ ಊಟ, ಒಂದು ವರ್ಷ. ಯಾರ ಜೀನಿಗೆ ಯಾವ ಊಟ ಹೊಂದಬೇಕು ಎಂದು ಮೊದಲೇ ಗುರುತಿಸಿಟ್ಟಿದ್ದರು. 2018ರಲ್ಲಿ ಫಲಿತಾಂಶ ಬಂದಾಗ ಮೊದಲ ಗುಂಪು 5.3 ಕೆ.ಜಿ., ಎರಡನೆಯದು 6 ಕೆ.ಜಿ. ಇಳಿದಿತ್ತು, ಜೀನಿಗೆ ಹೊಂದುವ ಊಟ ಸಿಕ್ಕವರಿಗೂ ಹೊಂದದ ಊಟ ಸಿಕ್ಕವರಿಗೂ ವ್ಯತ್ಯಾಸ ಕಾಣಲಿಲ್ಲ. ಯುರೋಪಿನ ಏಳು ದೇಶಗಳ ಫುಡ್4ಮಿ ಪ್ರಯೋಗದಲ್ಲೂ ಅಷ್ಟೆ. ಒಬ್ಬೊಬ್ಬರ ಊಟ ನೋಡಿ ಕೊಟ್ಟ ಸಲಹೆ, ಎಲ್ಲರಿಗೂ ಒಂದೇ ಎಂಬ ಸಲಹೆಗಿಂತ ಚೆನ್ನಾಗಿ ಕೆಲಸ ಮಾಡಿತು. ಆ ಸಲಹೆಗೆ ಜೀನ್ ಮಾಹಿತಿ ಸೇರಿಸಿದ್ದರಿಂದ ಹೆಚ್ಚೇನೂ ಸಿಗಲಿಲ್ಲ. ಕಂಪನಿಯವರು ಮಾರುವುದು ಈ ಎರಡನೆಯದನ್ನು. ಕೆಲಸ ಮಾಡುವುದು ಮೊದಲನೆಯದು.

ಬ್ರಿಟನ್ನಿನ ಪ್ರೆಡಿಕ್ಟ್ ಅಧ್ಯಯನದಲ್ಲಿ ಅವಳಿಗಳನ್ನೂ ಸೇರಿಸಿ ಸುಮಾರು ಸಾವಿರ ಜನಕ್ಕೆ ಒಂದೇ ತಿಂಡಿ ಕೊಟ್ಟು ರಕ್ತದ ಸಕ್ಕರೆ ಅಳೆದರು. ಜೀನ್ ಪೂರ್ತಿ ಒಂದೇ ಆಗಿರುವ ಅವಳಿಗಳಲ್ಲೂ ಏರಿಳಿತ ಬೇರೆಬೇರೆ. ತಿಂಡಿಯಲ್ಲಿ ಏನೆಷ್ಟಿದೆ, ತಿಂದ ಹೊತ್ತು, ನಿದ್ದೆ, ಕರುಳಿನ ಸೂಕ್ಷ್ಮಾಣುಗಳು, ಇವೆಲ್ಲದರ ಪಾಲು ಸೇರಿ ಆ ಏರಿಳಿತದ ಗೆರೆ ಮೂಡುತ್ತದೆ.

ಇನ್ನು ನಿಮ್ಮಜ್ಜನ ವಿಚಾರ. ಅಜ್ಜನ ಜೀನಿನಲ್ಲಿ ಮೊಮ್ಮಗನಿಗೆ ಬರುವುದು ಸರಾಸರಿ ಕಾಲು ಭಾಗ. ಆ ಕಾಲು ಭಾಗದ ಜತೆ ಅವರ ದಿನಚರಿ ಬರುವುದಿಲ್ಲ. ಸಸಿ ನಾಟಿ, ಸೊಪ್ಪು ಹೊರುವುದು, ಕೊಯ್ಲು, ಪೇಟೆಗೆ ನಡೆದೇ ಹೋಗುವುದು ಇವುಗಳ ನಡುವೆ ಉಂಡ ಅನ್ನ ಸ್ನಾಯುಗಳಲ್ಲಿ ಖರ್ಚಾಗುತ್ತಿತ್ತು. ಅಕ್ಕಿಯೂ ಮನೆಯಲ್ಲೇ ಕುಟ್ಟಿದ್ದು ಅಥವಾ ಕುಚಲಕ್ಕಿ. ಇಂದಿನ ಪಾಲಿಶ್ ಮಾಡಿದ ಸೋನಾ ಮಸೂರಿಯಲ್ಲ. ಮಧ್ಯದಲ್ಲಿ ಇನ್ನೊಂದು ಸಂಗತಿಯಿದೆ. ಪುಣೆಯ ಸುತ್ತಲ ಹಳ್ಳಿಗಳ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳಿಗೆ ಹೋಲಿಸಿದ ಡಾ. ಚಿತ್ತರಂಜನ್ ಯಾಜ್ಞಿಕರ ತಂಡ, ನಮ್ಮ ಮಕ್ಕಳು ಸರಾಸರಿ 2.7 ಕೆ.ಜಿ. ಹುಟ್ಟಿದರೂ ಕೊರತೆ ಕಾಣುವುದು ಮುಖ್ಯವಾಗಿ ಸ್ನಾಯುವಿನಲ್ಲಿ, ಕೊಬ್ಬು ಹೆಚ್ಚುಕಡಿಮೆ ಉಳಿದೇ ಇರುತ್ತದೆ ಎಂದು 2003ರಲ್ಲಿ ತೋರಿಸಿತು. ಸಕ್ಕರೆ ಹೀರುವ ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು: ನಮ್ಮಲ್ಲಿ ತೆಳ್ಳಗಿರುವವರಿಗೂ ಮಧುಮೇಹ ಬರುವುದಕ್ಕೆ ಇದೊಂದು ಕಾರಣ. ನಿಮ್ಮ ತೂಕ ಕಣ್ಣಿಗೆ ಹೆಚ್ಚೆನಿಸದು. ಆದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕ) 25, ಭಾರತೀಯರಿಗೆ 23 ದಾಟಿದರೇ ಹೆಚ್ಚು ಎಂದು ಲೆಕ್ಕ; ಗಂಡಸರಿಗೆ ಸೊಂಟ 90 ಸೆಂ.ಮೀ. ಒಳಗಿರಬೇಕು, ನಿಮ್ಮದು 94.

ಜೀನ್ ಪರೀಕ್ಷೆಯೇ ಉಪಯೋಗವಿಲ್ಲ ಎಂದು ಇದರರ್ಥವಲ್ಲ. ಕೆಲವು ಕಡೆ ಒಂದೇ ಜೀನ್ ಊಟವನ್ನು ಪೂರ್ತಿ ನಿರ್ಧರಿಸುತ್ತದೆ. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುಕಾಯಿಲೆ ಇರುವ ಮಗುವಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಪ್ರೋಟೀನ್ ಅಳೆದು ಕೊಡದಿದ್ದರೆ ಮಿದುಳಿಗೆ ಹಾನಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಬಾಕ್ಲಾ ಎಂದು ಕರೆಯುವ ಫಾವಾ ಬೀನ್ಸ್ ತಿಂದರೆ ರಕ್ತಕಣಗಳು ಒಡೆಯಬಹುದು. ನಮ್ಮ ಅವರೆ ಬೇರೆಯೇ ಗಿಡ, ಆ ಹೆದರಿಕೆ ಅದಕ್ಕೆ ಅಂಟಿಸಬೇಡಿ. ಎಲ್‌ಡಿಎಲ್ ಕೊಲೆಸ್ಟ್ರಾಲ್ 190 ದಾಟಿ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ ಅದು ವಂಶಪಾರಂಪರ್ಯದ್ದಾಗಿರಬಹುದು, ಕಾಯಿ ತುರಿ ಬಿಟ್ಟ ಮಾತ್ರಕ್ಕೆ ಇಳಿಯುವುದಿಲ್ಲ, ಮಾತ್ರೆ ಬೇಕು. ಮೂರು ತಲೆಮಾರಿನಲ್ಲಿ ಇಪ್ಪತ್ತೈದು ತುಂಬುವ ಮೊದಲೇ, ಬೊಜ್ಜಿಲ್ಲದೆ ಮಧುಮೇಹ ಬಂದಿದ್ದರೆ ಮೋಡಿ ಎಂಬ ಒಂಟಿ ಜೀನಿನ ಮಧುಮೇಹ ಇರಬಹುದು. ಅಂಥವರಿಗೆ ಜೀನ್ ಪರೀಕ್ಷೆ ಮಾಡಿಸಲೇಬೇಕು. ಅದರ ಒಂದು ಬಗೆಯಲ್ಲಿ ಇನ್ಸುಲಿನ್ ಬಿಟ್ಟು ಮಾತ್ರೆಗೆ ಬದಲಾಗಬಹುದು. ನಿಮ್ಮ ತಂದೆಗೆ ಯಾವ ವಯಸ್ಸಿನಲ್ಲಿ ಬಂತು ಎಂದು ನೀವು ಬರೆದಿಲ್ಲ. ನಲವತ್ತು ದಾಟಿ ಬಂದಿದ್ದರೆ ಇದನ್ನು ಮರೆತುಬಿಡಿ.

ನಮ್ಮ ಜಿಲ್ಲೆಗೇ ಸೇರಿದ ಒಂದು ಉದಾಹರಣೆಯೂ ಇದೆ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟದ ಕೀಲು ಸವೆದು ನಡೆಯಲಾಗದ ಕಾಯಿಲೆ ಬೆಳಕಿಗೆ ಬಂದಾಗ, ಕೀಟನಾಶಕ ಬಿದ್ದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣ ಎಂಬ ಅನುಮಾನ ಬಲವಾಗಿತ್ತು. ಮುಂದಿನ ಅಧ್ಯಯನಗಳು ಅದು ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕಾಗುವ ಆನುವಂಶಿಕ ಕಾಯಿಲೆ ಎಂದು ತೋರಿಸಿದವು. ಊಟವನ್ನು ದೂರಿದಲ್ಲಿ ಜೀನ್ ಇತ್ತು. ಟೈಪ್ 2 ಮಧುಮೇಹದಲ್ಲಿ ಈಗ ನಡೆಯುತ್ತಿರುವುದು ಇದರ ತಿರುಗುಮುರುಗು.

ಹಾಲಿನ ಪ್ರಶ್ನೆಗೆ ಬರೋಣ, ಇಲ್ಲಿ ಜೀನಿನ ಪಾತ್ರ ನಿಜ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ದೊಡ್ಡವರಾದ ಮೇಲೂ ಉಳಿಯಬೇಕೆಂದರೆ ಒಂದು ನಿರ್ದಿಷ್ಟ ಜೀನ್ ವ್ಯತ್ಯಾಸ ಬೇಕು. ಅದು ವಾಯವ್ಯ ಭಾರತದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ನಿಮಗೆ ಅದಿಲ್ಲದಿರುವ ಸಾಧ್ಯತೆ ಚೆನ್ನಾಗಿಯೇ ಇದೆ, ಆದರೆ ಅದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಎರಡು ವಾರ ಹಾಲು, ಹಾಲಿನ ಕಾಫಿ, ಪಾಯಸ, ಐಸ್‌ಕ್ರೀಂ ಬಿಡಿ; ಮೊಸರು, ಮಜ್ಜಿಗೆ ಇರಲಿ. ಹೊಟ್ಟೆ ಸರಿಹೋಯಿತೆಂದರೆ ಒಂದು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 200 ಮಿ.ಲೀ. ಹಾಲು ಕುಡಿದು ನಾಲ್ಕು ಗಂಟೆ ನೋಡಿ. ಅದರಲ್ಲಿ 9–10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಉಬ್ಬರ, ಗುಡುಗುಡು, ಭೇದಿ ಆದರೆ ಉತ್ತರ ಸಿಕ್ಕಿತು. ಆಗಲೂ ಹಾಲನ್ನು ಪೂರ್ತಿ ಬಿಡಬೇಕೆಂದಿಲ್ಲ: ಕಿಣ್ವ ಕಡಿಮೆ ಇರುವ ಹೆಚ್ಚಿನವರು 100 ಮಿ.ಲೀ. ಹಾಲನ್ನು ತಿಂಡಿಯ ಜತೆ ತಡೆದುಕೊಳ್ಳುತ್ತಾರೆ. ಮೊಸರಿನಲ್ಲಿ ಲ್ಯಾಕ್ಟೋಸಿನ ಒಂದು ಪಾಲನ್ನು ಹೆಪ್ಪಿನ ಬ್ಯಾಕ್ಟೀರಿಯಾ ತಿಂದಿರುತ್ತವೆ, ಉಳಿದದ್ದನ್ನು ಕರುಳಿನಲ್ಲಿ ಒಡೆಯಲೂ ನೆರವಾಗುತ್ತವೆ. ತಂಬುಳಿ, ಮಜ್ಜಿಗೆಹುಳಿಯ ಮನೆಯಲ್ಲಿ ಬೆಳೆದವರಿಗೆ ಇದರಿಂದ ನಷ್ಟವೇನೂ ಇಲ್ಲ. ವಾಂತಿಭೇದಿ ಆದ ಹೊಸತರಲ್ಲಿ ಈ ಪರೀಕ್ಷೆ ಮಾಡಬೇಡಿ. ಆಗ ಕರುಳಿನ ಒಳಪದರ ಗಾಯಗೊಂಡು ಯಾರಿಗಾದರೂ ಹಾಲು ಒಗ್ಗದು.

ಕಾಫಿಯದು ಬೇಗ ಮುಗಿಯುತ್ತದೆ. ಕೆಫೀನನ್ನು ಕರಗಿಸುವುದು ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವ. ಅದು ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ. ಕುಡಿದು ಸರಾಸರಿ ಐದು ಗಂಟೆ ಕಳೆದರೂ ಅರ್ಧ ಕೆಫೀನ್ ಉಳಿದಿರುತ್ತದೆ, ನಿಧಾನದವರಲ್ಲಿ ಇನ್ನೂ ಹೆಚ್ಚು. ಬೀಡಿ ಸಿಗರೇಟು ಸೇದುವವರಲ್ಲಿ ಬೇಗ ಕರಗುತ್ತದೆ, ಬಸುರಿಯರಲ್ಲಿ ಬಹಳ ನಿಧಾನ. ನಿದ್ದೆ ಕೆಡುತ್ತಿದೆ ಎಂದು ನಿಮ್ಮ ದೇಹವೇ ಹೇಳಿದ ಮೇಲೆ ವರದಿ ಯಾಕೆ? ಮಧ್ಯಾಹ್ನ ಎರಡರ ನಂತರ ಕಾಫಿ ಬಿಡಿ. ಹಾಲಿನ ಎರಡು ವಾರದ ಪರೀಕ್ಷೆ ನಡೆಯುವಾಗ ಬೆಳಗಿನ ಕಾಫಿಯನ್ನು ಕಪ್ಪಾಗಿಯೇ ಕುಡಿಯಿರಿ. ಹೊಟ್ಟೆಯ ತೊಂದರೆಗೆ ಕಾಫಿಯನ್ನು ದೂರುವವರಲ್ಲಿ ಎಷ್ಟೋ ಜನಕ್ಕೆ ತೊಂದರೆ ಅದರ ಹಾಲಿನದು.

ಈಗ ಗ್ಲುಕೋಮೀಟರಿನ ಕೆಲಸ. ನಾಲ್ಕು ಬಗೆ ತಿಂಡಿ, ಒಂದೊಂದನ್ನು ಎರಡು ಸಲ, ಒಟ್ಟು ಎಂಟು ಬೆಳಗ್ಗೆ. ಪ್ರತಿ ಸಲ ಮೂರು ಅಳತೆ: ಖಾಲಿ ಹೊಟ್ಟೆಯದು, ಮೊದಲ ತುತ್ತಿನಿಂದ ಒಂದು ಗಂಟೆಗೆ, ಎರಡು ಗಂಟೆಗೆ. 24 ಸ್ಟ್ರಿಪ್ ಹಿಡಿಯುತ್ತದೆ, 25ರ ಡಬ್ಬಿಯಲ್ಲಿ ಒಂದು ತಪ್ಪಿಗೆ ಮಿಗುತ್ತದೆ. ಗಂಟೆ ಎಣಿಸುವುದು ತುತ್ತು ಬಾಯಿಗಿಟ್ಟಾಗಿನಿಂದ, ಕೈ ತೊಳೆದಾಗಿನಿಂದಲ್ಲ. ಬಹಳ ಜನ ಇಲ್ಲೇ ತಪ್ಪುತ್ತಾರೆ.

ಮೊದಲನೆಯದು ನಿಮ್ಮ ಮಾಮೂಲಿ ತಿಂಡಿ: ಎರಡು ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಉಕ್ಕರಿಸಿದ ಹಿಟ್ಟಿನ ಉಂಡೆ ತೂಗುವ ಬದಲು ಒಣ ಹಿಟ್ಟನ್ನೇ ತೂಗಿ, ರೊಟ್ಟಿಗೆ 60 ಗ್ರಾಂ ಇರಲಿ. 60 ಗ್ರಾಂ ಅಕ್ಕಿಹಿಟ್ಟಿನಲ್ಲಿ ಸುಮಾರು 48 ಗ್ರಾಂ ಪಿಷ್ಟ, ಎರಡಕ್ಕೆ 96. ಎರಡನೆಯದು ಒಂದು ರೊಟ್ಟಿ, ಅದರ ಜತೆ ಒಣಗಿದ್ದಾಗ 40 ಗ್ರಾಂ ತೂಗಿದ ಹೆಸರುಕಾಳು ಮೊಳಕೆ ಬರಿಸಿ ಮಾಡಿದ ಉಸಲಿ, ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆ. ಮೂರನೆಯದು ಮತ್ತೆ ಎರಡು ರೊಟ್ಟಿಯೇ, ತಿಂದ ತಕ್ಷಣ ತೋಟದಲ್ಲಿ 15 ನಿಮಿಷ ಚುರುಕಾಗಿ ನಡಿಗೆ. ನಾಲ್ಕನೆಯದರಲ್ಲಿ ಎರಡನೆಯದರ ಉಸಲಿಯನ್ನು ಮೊದಲು ತಿಂದು ಹತ್ತು ನಿಮಿಷ ಬಿಟ್ಟು ಎರಡು ರೊಟ್ಟಿ. ಎಲ್ಲ ದಿನವೂ ಕಾಫಿ ಸಕ್ಕರೆಯಿಲ್ಲದೆ, ಬೆಲ್ಲವೂ ಇಲ್ಲದೆ, ಒಂದೇ ಅಳತೆ. ಎರಡು ಚಮಚ ಸಕ್ಕರೆ ಎಂದರೆ 10 ಗ್ರಾಂ, ಅದು ಲೆಕ್ಕವನ್ನೇ ಕದಡುತ್ತದೆ. ಮೊದಲ ನಾಲ್ಕು ದಿನ ಇದೇ ಕ್ರಮ, ಆಮೇಲೆ ಹಿಮ್ಮುಖವಾಗಿ.

ಅಂಕಿ ಕೆಡುವುದು ಸಣ್ಣ ವಿಷಯಗಳಿಂದ. ಹಲಸಿನ ತೊಳೆ ಬಿಡಿಸಿದ, ಬೆಲ್ಲ ಮುಟ್ಟಿದ ಬೆರಳಿನಿಂದ ರಕ್ತ ತೆಗೆದರೆ ಮೀಟರ್ 300 ತೋರಿಸಿದರೂ ಆಶ್ಚರ್ಯವಿಲ್ಲ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ನೀರಿನಲ್ಲಿ ಕೈ ತೊಳೆದು ಪೂರ್ತಿ ಒಣಗಿಸಬೇಕು. ಹಸಿ ಬೆರಳಾದರೆ ರಕ್ತ ತೆಳುವಾಗಿ ಅಂಕಿ ಇಳಿಯುತ್ತದೆ. ಬೆರಳ ತುದಿಯ ಬದಲು ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಹಿಂಡಿ ಹಿಂಡಿ ರಕ್ತ ತರಬೇಡಿ. ಇನ್ನು ನಮ್ಮ ಮಳೆಗಾಲ: ಸ್ಟ್ರಿಪ್ ಡಬ್ಬಿಯ ಮುಚ್ಚಳದೊಳಗೆ ತೇವ ಹೀರುವ ಪುಡಿ ಇರುತ್ತದೆ, ಒಂದು ಸ್ಟ್ರಿಪ್ ತೆಗೆದ ಕೂಡಲೇ ಟಕ್ ಎನ್ನುವಂತೆ ಮುಚ್ಚಬೇಕು. ಆಷಾಢದಲ್ಲಿ ಡಬ್ಬಿ ಬಾಯಿ ತೆರೆದು ಅಡುಗೆಮನೆಯ ಕಿಟಕಿಯಲ್ಲಿಟ್ಟರೆ ಆ ಸ್ಟ್ರಿಪ್ ಕೊಡುವ ಅಂಕಿಯನ್ನು ನಂಬುವಂತಿಲ್ಲ. ಸ್ಟ್ರಿಪ್‌ಗಳನ್ನು ಬೇರೆ ಡಬ್ಬಿಗೆ ಸುರಿಯಲೂ ಬೇಡಿ. ಜ್ವರ ಇದ್ದ ದಿನ, ನಿದ್ದೆಗೆಟ್ಟ ಮರುದಿನ, ಉಬ್ಬಸಕ್ಕೋ ಕೀಲುನೋವಿಗೋ ಸ್ಟೀರಾಯ್ಡ್ ನುಂಗುತ್ತಿರುವಾಗ ಪರೀಕ್ಷೆ ಮುಂದೂಡಿ. ಹಿಂದಿನ ರಾತ್ರಿ ಮದುವೆ ಊಟವಾಗಿದ್ದರೂ ಅಷ್ಟೆ. ರಾತ್ರಿ ಉಂಡದ್ದು ಬೆಳಗಿನ ತಿಂಡಿಯ ಏರಿಕೆಯ ಮೇಲೂ ಪ್ರಭಾವ ಬೀರುತ್ತದೆ.

ಮೀಟರಿಗೆ ಶೇ 15ರಷ್ಟು ಆಚೀಚೆ ತೋರಿಸುವ ಅವಕಾಶವನ್ನು ಅಂತಾರಾಷ್ಟ್ರೀಯ ಮಾನದಂಡವೇ ಕೊಟ್ಟಿದೆ. ಹಾಗಾಗಿ 150ಕ್ಕೂ 162ಕ್ಕೂ ವ್ಯತ್ಯಾಸ ಹುಡುಕಬೇಡಿ. ಎರಡೂ ದಿನದ ಸರಾಸರಿ ತೆಗೆದು, ತಿಂಡಿ ತಿಂಡಿಗಳ ನಡುವೆ 30ರ ಅಂತರ ಇದ್ದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಎರಡು ಗಂಟೆಯ ಅಂಕಿ 140ರೊಳಗೆ ಬಂದ ತಿಂಡಿ ನಿಮ್ಮದು. ಕೆಲವರಿಗೆ ಅಳತೆ ಇಳಿಸಿದ ಎರಡನೆಯದು ಗೆಲ್ಲುತ್ತದೆ, ಕೆಲವರಿಗೆ ನಡಿಗೆಯೇ ಸಾಕಾಗಿ ಎರಡು ರೊಟ್ಟಿ ಉಳಿಯುತ್ತದೆ. ನಿಮ್ಮ ಜೀನ್, ಸ್ನಾಯು, ಕರುಳು ಎಲ್ಲವೂ ಸೇರಿ ಕೊಟ್ಟ ಉತ್ತರ ಆ ಅಂಕಿ. ಇನ್ನೊಂದು ಡಬ್ಬಿ ಸ್ಟ್ರಿಪ್ ತಂದರೆ ಕಡುಬು, ಕುಚಲಕ್ಕಿ ಗಂಜಿ, ನೀರುದೋಸೆಗಳನ್ನೂ ಹೀಗೇ ನೋಡಬಹುದು. ಮಧುಮೇಹಕ್ಕೆ ಈಗಾಗಲೇ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ನಿಮ್ಮ ತಂದೆಯೂ ಸೇರಿ, ವೈದ್ಯರನ್ನು ಕೇಳದೆ ಈ ಪ್ರಯೋಗಕ್ಕೆ ಇಳಿಯಬಾರದು. ಅನ್ನ ಇಳಿಸಿ ಮಾತ್ರೆ ಅಷ್ಟೇ ನುಂಗಿದರೆ ಸಕ್ಕರೆ ಕುಸಿಯಬಹುದು.

ಮಧ್ಯಾಹ್ನ, ರಾತ್ರಿಯ ಊಟಕ್ಕೆ ಒಂದು ಲೆಕ್ಕ ಸಾಕು. ಮಲೆನಾಡಿನ ಊಟದಲ್ಲಿ ದೋಷ ಇರುವುದು ಅನ್ನದಲ್ಲಿ ಎನ್ನುವುದಕ್ಕಿಂತ ಸಾರಿನಲ್ಲಿ ಎನ್ನುವುದು ನನ್ನ ಅಭಿಪ್ರಾಯ. ನಾಲ್ಕು ಜನರ ತಿಳಿಸಾರಿಗೆ ಒಂದು ಹಿಡಿ ಬೇಳೆ, ಅದೂ ತಳದಲ್ಲಿ ಉಳಿಯುತ್ತದೆ. ನಿಮ್ಮ ತೂಕಕ್ಕೆ ದಿನಕ್ಕೆ ಸುಮಾರು 56 ಗ್ರಾಂ ಪ್ರೋಟೀನ್ ಬೇಕು. ಊಟಕ್ಕೆ 150 ಗ್ರಾಂ ಅಕ್ಕಿ ಹಾಕುತ್ತಿದ್ದರೆ 90ಕ್ಕೆ ಇಳಿಸಿ. ಆ 60 ಗ್ರಾಂ ಜಾಗದಲ್ಲಿ 40 ಗ್ರಾಂ ಕಾಳು ಬರಲಿ, ಹುರುಳಿ ಬಸ್ಸಾರು, ಅಲಸಂದೆ ಪಲ್ಯ, ಕಡಲೆ ಹಾಕಿದ ಕೆಸುವಿನ ಸೊಪ್ಪಿನ ಹುಳಿ ಯಾವುದಾದರೂ. 40 ಗ್ರಾಂ ಹುರುಳಿಯಲ್ಲಿ ಸುಮಾರು 9 ಗ್ರಾಂ ಪ್ರೋಟೀನ್. ಮೀನು ತಿನ್ನುವ ಮನೆಯಾದರೆ ಇನ್ನೂ ಸುಲಭ. ಒಮ್ಮೆಲೇ ಇಳಿಸಿದರೆ ನಾಲ್ಕನೇ ದಿನ ಸಂಜೆ ಹಸಿವು ತಡೆಯದೆ ಅವಲಕ್ಕಿ ಡಬ್ಬಿಗೆ ಕೈ ಹೋಗುತ್ತದೆ, ವಾರಕ್ಕೆ 15–20 ಗ್ರಾಂನಂತೆ ಇಳಿಸಿ. ಕವಳ ಹಾಕುವ ಅಭ್ಯಾಸವಿದ್ದರೆ ಬಿಡಿ. ಅಡಿಕೆ ಬೆಳೆಯುವವರಿಗೆ ಹೇಳುವುದು ಕಷ್ಟ, ಆದರೂ ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪಟ್ಟಿ ಮಾಡಿದೆ. ಹೊಟ್ಟೆಯ ಬೊಜ್ಜು, ಸಕ್ಕರೆಯ ಜತೆಗೂ ಅದರ ನಂಟು ಕಂಡುಬಂದಿದೆ.

ನಿಮ್ಮ ಗುರಿ ಆರು ತಿಂಗಳಲ್ಲಿ 4ರಿಂದ 5 ಕೆ.ಜಿ. ಇಳಿಕೆ, ಸೊಂಟ 90ರೊಳಗೆ. ಮೂರು ತಿಂಗಳಿಗೆ ಎಚ್‌ಬಿಎ1ಸಿ ಮತ್ತೆ ಮಾಡಿಸಿ, ಅದಕ್ಕೂ ಬೇಗ ಮಾಡಿಸಿದರೆ ಹಳೆಯ ರಕ್ತಕಣಗಳ ಕತೆಯೇ ಬರುತ್ತದೆ. ಅದರ ಜತೆ ಹಿಮೋಗ್ಲೋಬಿನ್, ಎಂಸಿವಿ (ರಕ್ತಕಣದ ಸರಾಸರಿ ಗಾತ್ರ) ಇರುವ ರಕ್ತ ಪರೀಕ್ಷೆಯೂ ಇರಲಿ: ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಸಸ್ಯಾಹಾರಿಯಾದರೆ ಬಿ12 ಕೂಡ. ಜೀನ್ ವರದಿಗಳು ಎಂಟಿಎಚ್‌ಎಫ್‌ಆರ್ ಎಂಬ ಜೀನಿನ ಹೆಸರು ಹೇಳಿ, ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಏರದಂತೆ ದುಬಾರಿ ಫೋಲೇಟ್ ಮಾತ್ರೆ ಬರೆಯುತ್ತವೆ, ನಮ್ಮಲ್ಲಿ ಅದು ಏರುವುದಕ್ಕೆ ಹೆಚ್ಚಾಗಿ ಬಿ12 ಕೊರತೆಯೇ ಕಾರಣ. 30 ದಾಟಿದವರಿಗೆ ಬಿಪಿ, ಸಕ್ಕರೆ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಮನೆಯಲ್ಲಿ ತಮ್ಮ ತಂಗಿ ಇದ್ದರೆ ಅವರನ್ನೂ ಕರೆದೊಯ್ಯಿರಿ, ಅಪ್ಪನ ಜೀನ್ ಅವರಿಗೂ ಬಂದಿರಬಹುದು.

ಇಷ್ಟಾದ ಮೇಲೂ ಜೀನ್ ಪರೀಕ್ಷೆಯ ಆಸೆ ಉಳಿದರೆ ಹಣ ಕಟ್ಟುವ ಮೊದಲು ಕಂಪನಿಗೆ ಮೂರು ಪ್ರಶ್ನೆ ಲಿಖಿತವಾಗಿ ಕಳುಹಿಸಿ. ಯಾವ ಯಾವ ಜೀನ್ ವ್ಯತ್ಯಾಸ ನೋಡುತ್ತೀರಿ, ಅಪಾಯದ ಲೆಕ್ಕ ಭಾರತೀಯರ ದತ್ತಾಂಶದ ಮೇಲೆ ನಿಂತಿದೆಯೇ ಅಥವಾ ಯುರೋಪಿನವರದೇ? ಒಂದೊಂದು ಸಲಹೆಯ ಹಿಂದೆ ಆ ಊಟ ಕೊಟ್ಟು ನೋಡಿದ ಪ್ರಯೋಗ ಇದೆಯೇ, ಬರೀ ಅಂಕಿಅಂಶದ ನಂಟೇ? ನನ್ನ ಮಾದರಿ, ದತ್ತಾಂಶ ಬೇರೆಯವರಿಗೆ ಮಾರುತ್ತೀರಾ, ಕೇಳಿದರೆ ಅಳಿಸುತ್ತೀರಾ? ಮೂರನೆಯದರ ಉತ್ತರವನ್ನು ನಿಮ್ಮ ಮಕ್ಕಳ, ಒಡಹುಟ್ಟಿದವರ ಪರವಾಗಿಯೂ ಓದಿ. ಕಳುಹಿಸುವ ಎಂಜಲಿನಲ್ಲಿ ಅವರದೂ ಅರ್ಧದಷ್ಟು ಮಾಹಿತಿ ಇರುತ್ತದೆ.